ಜಾರ್ಜ್ ಹ್ಯಾರಿಸನ್ ಗಿಟಾರ್‌ಗಳ ಜಾತಕ

ಪರದೆಯ ಮೇಲಿನ ಚಿತ್ರವನ್ನು ಒಮ್ಮೆ ಚೆನ್ನಾಗಿ ನೋಡಿಕೊಳ್ಳಿ. 1963ರ ಬೀಟಲ್ಸ್, ಇಂಗ್ಲೆಂಡಿನ ಹೆಸರಾಂತ ರಾಕ್ ತಂಡ. ಜಾರ್ಜ್ ಹ್ಯಾರಿಸನ್ ಮತ್ತು ಪಾಲ್ ಮೆಕಾರ್ಟ್ನಿ ಒಂದೇ ಮೈಕಿಗೆ ಮುಖವೊಡ್ಡಿ ಹಾಡುತ್ತಿದ್ದಾರೆ. ಜಾರ್ಜ್ ಕೈಯಲ್ಲಿ ಕಪ್ಪು ಬಣ್ಣದ ಗ್ರೆಚ್ ಡ್ಯುಯೊ ಜೆಟ್ ಗಿಟಾರ್, ಪಾಲ್ ಕೈಯಲ್ಲಿ ಪಿಟೀಲಿನ ಆಕಾರದ ಹೋಫ್ನರ್ ಬಾಸ್, ಅಂದರೆ ತಗ್ಗು ಸ್ವರದ ಗಿಟಾರ್. ಈ ಚಿತ್ರದಲ್ಲಿ ಒಂದು ಎಡವಟ್ಟಿದೆ. ಎರಡು ವರ್ಷ ನನ್ನ ಮೇಜಿನ ಮುಂದಿನ ಗೋಡೆಯಲ್ಲಿ ಅಂಟಿಕೊಂಡಿದ್ದರೂ ಅದು ನನಗೆ ಕಂಡಿರಲಿಲ್ಲ. ನನ್ನ ಮಾತು ಮುಗಿಯುವುದರೊಳಗೆ ಯಾರಿಗಾದರೂ ಕಂಡರೆ ಕೈ ಎತ್ತಿ.

ಇನ್ನು ಇದೇ ಕಪ್ಪು ಗಿಟಾರ್‌ನ ಕಥೆಗೆ ಬರೋಣ. 1961ರಲ್ಲಿ ಜಾರ್ಜ್‌ಗೆ ಹದಿನೆಂಟು ವರ್ಷ. ಲಿವರ್‌ಪೂಲ್‌ನಲ್ಲಿ ಒಬ್ಬ ನಾವಿಕನ ಬಳಿ ಅಮೆರಿಕದಿಂದ ತಂದ ಗಿಟಾರ್ ಮಾರಾಟಕ್ಕಿದೆ ಎಂದು ತಿಳಿಯಿತು. ಆತ ಕೇಳಿದ್ದು 90 ಪೌಂಡ್, ಹುಡುಗನ ಹತ್ತಿರ ಇದ್ದದ್ದು 70. ಉಳಿದ 20 ಪೌಂಡಿಗೆ ಸಾಲಪತ್ರ ಬರೆದುಕೊಡಬೇಕಾಯಿತು. ಬರೆಯಲು ಕೈಗೆ ಸಿಕ್ಕಿದ್ದು ಆ ಗಿಟಾರ್ ತಂದಾಗ ಸುಂಕದವರು ಕೊಟ್ಟಿದ್ದ ಕಾಗದ. ಅದರ ಹಿಂಬದಿಯಲ್ಲೇ ಬರೆದು ಸಹಿ ಹಾಕಿದ. ನಾವಿಕ ಆ ಚೀಟಿಯನ್ನು ಎಸೆಯದೆ ಇಟ್ಟುಕೊಂಡ.

ಈ ಚೀಟಿಯ ಮೇಲೆ ನನಗೆ ವಿಪರೀತ ಮೋಹ. ಒಂದೇ ಕಾಗದ, ಅದರ ಮುಂಬದಿಯಲ್ಲಿ ಗಿಟಾರ್ ಸಮುದ್ರ ದಾಟಿ ಬಂದದ್ದಕ್ಕೆ ಸಾಕ್ಷಿ, ಹಿಂಬದಿಯಲ್ಲಿ ಅದು ಯಾರ ಕೈ ಸೇರಿತು ಎಂಬುದಕ್ಕೆ ಸಾಕ್ಷಿ. ಮುಂಬದಿಯನ್ನು ಬರೆದ ಸುಂಕದ ಗುಮಾಸ್ತನಿಗೆ ಬೀಟಲ್ಸ್ ಎಂದರೇನೆಂದು ಗೊತ್ತಿರಲು ಸಾಧ್ಯವೇ ಇರಲಿಲ್ಲ. ಹಿಂಬದಿಯನ್ನು ಬರೆದ ಹುಡುಗನಿಗೆ ತಾನು ಯಾರಾಗಲಿದ್ದೇನೆ ಎಂಬುದು ಗೊತ್ತಿರಲಿಲ್ಲ. ಇಬ್ಬರೂ ಚರಿತ್ರೆಗಾಗಿ ಬರೆಯಲಿಲ್ಲ. ಹಳೆಯ ಗಿಟಾರ್‌ಗಳ ಜಾಡು ಹಿಡಿದು ಹೋಗುವ ನಮ್ಮಂಥವರು ನಂಬಬೇಕಾದದ್ದು ಇಂಥದ್ದನ್ನೇ, ಸಾಕ್ಷಿಯಾಗಲಿ ಎಂಬ ಉದ್ದೇಶವಿಲ್ಲದೆ ಉಳಿದುಹೋದ ಸಾಕ್ಷಿಯನ್ನು. ಗಿಟಾರ್ ಪ್ರಸಿದ್ಧವಾದ ಮೇಲೆ ಅದರ ಬಗ್ಗೆ ಹುಟ್ಟಿಕೊಂಡ ಕಥೆಗಳು ಕೇಳಲು ಸೊಗಸು, ಆದರೆ ಭಾರ ಹೊರುವುದಿಲ್ಲ.

ಹೊಸಬರು ಮೊದಲು ಕೇಳುವುದು ಸಂಖ್ಯೆಯನ್ನು. ಗಿಟಾರ್ ಮೇಲೆ ಸಂಖ್ಯೆ ಇರುತ್ತದಲ್ಲ, ಅದನ್ನು ನೋಡಿದರೆ ಮುಗಿಯಿತಲ್ಲವೇ? ಮುಗಿಯುವುದಿಲ್ಲ. ಒಬ್ಬೊಬ್ಬ ತಯಾರಕನ ಲೆಕ್ಕ ಒಂದೊಂದು ಥರ. 1964ರ ಫೆಬ್ರವರಿಯಲ್ಲಿ ಬೀಟಲ್ಸ್ ಮೊದಲ ಸಲ ಅಮೆರಿಕಕ್ಕೆ ಹೋದಾಗ ಜಾರ್ಜ್ ಜ್ವರ ಬಂದು ನ್ಯೂಯಾರ್ಕ್‌ನ ಹೋಟೆಲಿನಲ್ಲಿ ಮಲಗಿದ್ದ. ರಿಕನ್‌ಬ್ಯಾಕರ್ ಕಂಪನಿಯವರು ಕೊಟ್ಟ ಹನ್ನೆರಡು ತಂತಿಯ ಗಿಟಾರ್ ಆಗಲೇ ಅವನ ಕೈಗೆ ಬಂದದ್ದು. ಅದರ ಸಂಖ್ಯೆ ಸಿಎಂ107. ‘ಸಿ’ ಎಂದರೆ 1963, ‘ಎಂ’ ಎಂದರೆ ಡಿಸೆಂಬರ್. ಗಾಜಿನ ಮೂಲಕ ನೋಡಿದಷ್ಟು ಸ್ಪಷ್ಟ. ಐವತ್ತರ ದಶಕದ ಗಿಬ್ಸನ್ ಲೆಸ್ ಪಾಲ್‌ನಲ್ಲಿ ತಲೆಭಾಗದ ಹಿಂದೆ ಶಾಯಿಯಲ್ಲಿ ಒತ್ತಿದ ಮೊದಲ ಅಂಕಿ ವರ್ಷವನ್ನು ಹೇಳುತ್ತದೆ. ಏಳು ಎಂದರೆ 1957. ಫೆಂಡರ್‌ನದು ಮಾತ್ರ ತಲೆನೋವು. ಅಲ್ಲಿ ಸಂಖ್ಯೆ ಇರುವುದು ಕುತ್ತಿಗೆಯನ್ನು ಒಡಲಿಗೆ ಬಿಗಿಯುವ ಲೋಹದ ತಗಡಿನ ಮೇಲೆ. ಕೆಲಸಗಾರರು ಡಬ್ಬಿಯಿಂದ ಕೈಗೆ ಸಿಕ್ಕ ತಗಡನ್ನು ತೆಗೆದು ನಾಲ್ಕು ತಿರುಪು ಬಿಗಿದು ಮುಂದಿನದಕ್ಕೆ ಹೋಗುತ್ತಿದ್ದರು. ಮೇಲಾಗಿ ತಿರುಪು ಬಿಚ್ಚಿದರೆ ತಗಡು ಇನ್ನೊಂದು ಗಿಟಾರ್‌ಗೆ ಹೋಗುತ್ತದೆ. ಜಾತಕ ಬೇರೆಯವರದು, ಮದುವೆ ಇವರದು ಎಂಬಂತಾಗುತ್ತದೆ.

ಆದ್ದರಿಂದ ಫೆಂಡರ್ ಗಿಟಾರ್ ಕಂಡರೆ ಅನುಭವಸ್ಥರು ಮೊದಲು ಕುತ್ತಿಗೆಯನ್ನು ಕಳಚುತ್ತಾರೆ. ಅದರ ಬುಡದಲ್ಲಿ, ಒಡಲೊಳಗೆ ಹುದುಗಿರುವ ಜಾಗದಲ್ಲಿ, ತಯಾರಾದ ತಿಂಗಳು ಮತ್ತು ವರ್ಷ ಇರುತ್ತದೆ. ಧ್ವನಿ ಏರಿಸಿ ಇಳಿಸುವ ಗುಂಡಿಯ ಕೆಳಗಿನ ಬಿಡಿಭಾಗದ ಮೇಲೆ ಅದನ್ನು ತಯಾರಿಸಿದ ಕಾರ್ಖಾನೆಯ ಗುರುತು, ವರ್ಷ, ವಾರ ಒತ್ತಿರುತ್ತದೆ. ತಂತಿಬೆಸುಗೆಯನ್ನು ಒಮ್ಮೆಯೂ ಬಿಚ್ಚಿಲ್ಲವೆಂದರೆ ಇವೆರಡೂ ಹತ್ತಿರದ ತಿಂಗಳುಗಳನ್ನೇ ಹೇಳಬೇಕು. ಬೆಸುಗೆಯ ಸೀಸ ಹೊಸದಾಗಿ ಹೊಳೆಯುತ್ತಿದ್ದರೆ ಯಾರೋ ಒಳಗೆ ಕೈ ಹಾಕಿದ್ದಾರೆ ಎಂದೇ ಅರ್ಥ.

ಜಾರ್ಜ್‌ನ ‘ರಾಕಿ’ಯನ್ನು ತೆಗೆದುಕೊಳ್ಳಿ. ಬಣ್ಣಬಣ್ಣದ ಆ ಫೆಂಡರ್ ಸ್ಟ್ರ್ಯಾಟೊಕ್ಯಾಸ್ಟರ್ ಅನ್ನು ನೋಡದವರು ಈ ಸಭೆಯಲ್ಲಿ ಕಡಿಮೆ. 1965ರ ಆರಂಭದಲ್ಲಿ ಜಾರ್ಜ್‌ಗೂ ತಂಡದ ಜೊತೆಗಾರ ಜಾನ್ ಲೆನನ್‌ಗೂ ತಿಳಿನೀಲಿ ಬಣ್ಣದ ಒಂದೊಂದು ಸ್ಟ್ರ್ಯಾಟೊಕ್ಯಾಸ್ಟರ್ ಬೇಕೆನಿಸಿತು. ತಂಡದ ಸಹಾಯಕ ಮ್ಯಾಲ್ ಎವಾನ್ಸ್ ಹೋಗಿ ತಂದ. 1967ರಲ್ಲಿ ಜಾರ್ಜ್ ತನ್ನದಕ್ಕೆ ಕಣ್ಣು ಕುಕ್ಕುವ ಹೊಳಪಿನ ಬಣ್ಣಗಳನ್ನು ತಾನೇ ಬಳಿದ. ತಲೆಭಾಗಕ್ಕೆ ಹೆಂಡತಿ ಪ್ಯಾಟಿಯ ಉಗುರುಬಣ್ಣವನ್ನೂ ಬಿಡಲಿಲ್ಲ. ಅದೇ ಜೂನ್ 25ರಂದು ಹಲವು ದೇಶಗಳಿಗೆ ನೇರಪ್ರಸಾರವಾದ ದೂರದರ್ಶನ ಕಾರ್ಯಕ್ರಮದಲ್ಲಿ ಅದು ಕಾಣಿಸಿಕೊಂಡಿತು. ಇಷ್ಟು ಎಲ್ಲರಿಗೂ ಗೊತ್ತು. ಈಗ ಗಿಟಾರ್ ಅನ್ನು ತಿರುಗಿಸಿ. ತಲೆಭಾಗದ ಹಿಂದೆ, ಬಿರಡೆಗಳ ಹತ್ತಿರ, ಒಂದು ಪುಟ್ಟ ಅಂಗಡಿ ಚೀಟಿ ಅಂಟಿಕೊಂಡಿದೆ. ಗ್ರಿಮ್‌ವುಡ್ಸ್, ಮೇಡ್‌ಸ್ಟೋನ್ ಮತ್ತು ವಿಟ್‌ಸ್ಟಬಲ್. ಎರಡೂ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಊರುಗಳು. ಕುತ್ತಿಗೆಯ ಬುಡದಲ್ಲಿ 1961ರ ಡಿಸೆಂಬರ್ ಎಂದಿದೆ.

ಅಂದರೆ ಏನಾಯಿತು? 1961ರ ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ಕುತ್ತಿಗೆ ತಯಾರಾದ ಗಿಟಾರ್ 1965ರಲ್ಲಿ ಜಾರ್ಜ್‌ಗೆ ಸಿಕ್ಕಿತು. ನಡುವಿನ ಮೂರು ವರ್ಷ ಯಾರೂ ಅದರ ಚಿತ್ರ ತೆಗೆಯಲಿಲ್ಲ, ಯಾರೂ ಅದರ ಕಥೆ ಹೇಳಲಿಲ್ಲ. ಆ ಮೂರು ವರ್ಷದ ಬಗ್ಗೆ ಬಾಯಿ ಬಿಡುವುದು ಹೆಬ್ಬೆಟ್ಟಿನ ಉಗುರಿನಷ್ಟಿರುವ ಆ ಚೀಟಿಯೊಂದೇ. ಮಾರುವವನು ತನ್ನ ಅಂಗಡಿಯ ಜಾಹೀರಾತಿಗೆಂದು ಅಂಟಿಸಿದ್ದು. ಜಾರ್ಜ್ ಇಡೀ ಗಿಟಾರ್‌ಗೆ ಬಣ್ಣ ಬಳಿಯುವಾಗ ಇದನ್ನೇಕೆ ಬಿಟ್ಟ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಹಿಂಬದಿ ಯಾರಿಗೂ ಕಾಣುವುದಿಲ್ಲ ಎಂಬ ಸೋಮಾರಿತನವೇ ಇರಬೇಕು. ಆ ಸೋಮಾರಿತನಕ್ಕೆ ನನ್ನ ನಮಸ್ಕಾರ.

ಈಗ ‘ಲೂಸಿ’. ಇದರ ಜಾತಕ ಬಲು ದೊಡ್ಡದು. ಇದು 1957ರ ಗಿಬ್ಸನ್ ಲೆಸ್ ಪಾಲ್, ಸಂಖ್ಯೆ 7 8789. ಹುಟ್ಟುವಾಗ ಮೈಮೇಲೆ ಚಿನ್ನದ ಬಣ್ಣ. ಅಮೆರಿಕದ ಗಾಯಕ ಜಾನ್ ಸೆಬಾಸ್ಟಿಯನ್ ಬಳಿ ಇತ್ತು, ಅವನಿಂದ ಗಿಟಾರ್ ವಾದಕ ರಿಕ್ ಡೆರಿಂಜರ್‌ಗೆ ಹೋಯಿತು. ಮಿಶಿಗನ್ ರಾಜ್ಯದ ಕಲಮಜೂವಿನಲ್ಲಿದ್ದ ಗಿಬ್ಸನ್ ಕಾರ್ಖಾನೆಗೇ ಕಳಿಸಿ ಅದಕ್ಕೆ ಕೆಂಪು ಬಣ್ಣ ಹಾಕಿಸಲಾಯಿತು. ಬಣ್ಣ ಬದಲಾದ ಮೇಲೆ ಡೆರಿಂಜರ್‌ಗೆ ಅದು ಒಗ್ಗಲಿಲ್ಲ. ನ್ಯೂಯಾರ್ಕ್‌ನಲ್ಲಿ ಡ್ಯಾನ್ ಆರ್ಮ್‌ಸ್ಟ್ರಾಂಗ್ ನಡೆಸುತ್ತಿದ್ದ ಅಂಗಡಿಗೆ ಮಾರಿದ. ಅಲ್ಲಿಂದ ಕೊಂಡವನು ಇಂಗ್ಲೆಂಡಿನ ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್. ಕ್ಲ್ಯಾಪ್ಟನ್ ಅದನ್ನು 1968ರಲ್ಲಿ ಗೆಳೆಯ ಜಾರ್ಜ್‌ಗೆ ಉಡುಗೊರೆಯಾಗಿ ಕೊಟ್ಟ. ಕೆಂಪು ಕೂದಲಿನ ನಟಿ ಲೂಸಿಲ್ ಬಾಲ್ ನೆನಪಿಗೆ ಜಾರ್ಜ್ ಅದನ್ನು ಲೂಸಿ ಎಂದು ಕರೆದ.

ಆ ಸೆಪ್ಟೆಂಬರ್ 6ರಂದು ಜಾರ್ಜ್ ತಾನು ಬರೆದ ಒಂದು ಹಾಡಿಗೆ ಗಿಟಾರ್ ನುಡಿಸಲು ಕ್ಲ್ಯಾಪ್ಟನ್‌ನನ್ನು ಸ್ಟುಡಿಯೊಗೆ ಕರೆದುಕೊಂಡು ಹೋದ. ಗಿಟಾರ್ ಮೆಲ್ಲನೆ ಅಳುತ್ತದೆ ಎಂಬ ಆ ಹಾಡು ನಿಮಗೆಲ್ಲ ಗೊತ್ತು. ಅದರಲ್ಲಿ ಅತ್ತದ್ದು ಲೂಸಿ. ತಾನು ಕೊಟ್ಟ ಉಡುಗೊರೆಯನ್ನು ತಾನೇ ನುಡಿಸಿ, ಹೆಸರನ್ನೂ ಹಾಕಿಸಿಕೊಳ್ಳದೆ ಕ್ಲ್ಯಾಪ್ಟನ್ ಎದ್ದು ಹೋದ.

1973ರಲ್ಲಿ ಲೂಸಿ ಬೆವರ್ಲಿ ಹಿಲ್ಸ್‌ನ ಮನೆಯಿಂದ ಕಳವಾಯಿತು. ಕಳ್ಳನಿಂದ ಅಂಗಡಿಗೆ, ಅಂಗಡಿಯಿಂದ ಮೆಕ್ಸಿಕೊದ ಸಂಗೀತಗಾರನೊಬ್ಬನಿಗೆ ಹೋಯಿತು. ಅವನು ಕಳ್ಳನಲ್ಲ, ದುಡ್ಡು ಕೊಟ್ಟು ಕೊಂಡವನು. ಗಿಟಾರ್ ಎಲ್ಲಿದೆ ಎಂದು ತಿಳಿದ ಮೇಲೂ ಜಾರ್ಜ್ ಅದನ್ನು ಬಿಡಿಸಿಕೊಳ್ಳಲು ಚೌಕಾಸಿ ಮಾಡಬೇಕಾಯಿತು. ಕೊನೆಗೆ ಒಂದು 1958ರ ಲೆಸ್ ಪಾಲ್ ಮತ್ತು ಒಂದು ಫೆಂಡರ್ ಬಾಸ್ ಕೊಟ್ಟು ತನ್ನ ವಸ್ತುವನ್ನು ತಾನೇ ಮತ್ತೆ ಕೊಂಡುಕೊಂಡ. ಇಂದು ಆ 1958ರ ಲೆಸ್ ಪಾಲ್‌ಗಾಗಿ ಸಂಗ್ರಾಹಕರು ಆಸ್ತಿ ಬರೆದುಕೊಟ್ಟಾರು. 1958ರಿಂದ 1960ರವರೆಗೆ ಮೂರೇ ವರ್ಷ ಬಂದ ಮಾದರಿ ಅದು. ಮೇಪಲ್ ಮರದ ಜ್ವಾಲೆಯಂಥ ಗೆರೆಗಳು ಕೆಂಪು ಹಳದಿ ಬಣ್ಣದ ಅಡಿಯಿಂದ ತೋರುವಂಥದ್ದು.

ಈ ಸರಪಳಿಯಲ್ಲಿ ಎಲ್ಲ ಕೊಂಡಿಗಳೂ ಒಂದೇ ಗಟ್ಟಿಯಲ್ಲ. 1968ರಿಂದ ಈಚೆಗೆ ಚಿತ್ರಗಳಿವೆ, ಚಲನಚಿತ್ರದ ತುಣುಕುಗಳಿವೆ, ಸಂಖ್ಯೆ ಇದೆ. ಅದಕ್ಕೂ ಹಿಂದಿನದು ಬಹುಮಟ್ಟಿಗೆ ಆ ವಾದಕರ ನೆನಪಿನ ಮೇಲೆ ನಿಂತಿದೆ. ಅವರು ಸುಳ್ಳು ಹೇಳುವವರೆಂದು ನಾನು ಹೇಳುತ್ತಿಲ್ಲ. ಕೈಯಲ್ಲಿ ಹತ್ತಾರು ಗಿಟಾರ್‌ಗಳು ಬಂದು ಹೋದವರಿಗೆ ಯಾವುದು ಯಾವಾಗ ಹೋಯಿತೆಂಬುದು ಕಲಸಿಕೊಳ್ಳುವುದು ಸಹಜ, ಅಷ್ಟೇ. ಆ ಭಾಗವನ್ನು ನಾನು ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದೇನೆ.

ನೆನಪು ಎಷ್ಟು ದಾರಿ ತಪ್ಪಿಸಬಲ್ಲದು ಎನ್ನುವುದಕ್ಕೆ ಪರದೆಯ ಮೇಲಿನ ಎರಡನೆಯ ವಾದ್ಯವೇ ಸಾಕ್ಷಿ. ಮೆಕಾರ್ಟ್ನಿ 1961ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸುಮಾರು 30 ಪೌಂಡಿಗೆ ಕೊಂಡ ಹೋಫ್ನರ್ ಬಾಸ್ ಬಹಳ ವರ್ಷ ನಾಪತ್ತೆಯಾಗಿತ್ತು. 1969ರ ಜನವರಿಯಲ್ಲಿ, ಬೀಟಲ್ಸ್ ಕೊನೆಕೊನೆಯ ಚಿತ್ರೀಕರಣ ನಡೆದಿದ್ದ ದಿನಗಳಲ್ಲಿ, ಅದು ಕಳವಾಯಿತೆಂದು ಅಭಿಮಾನಿಗಳೆಲ್ಲ ನಂಬಿದ್ದರು. ನಾನೂ ನಂಬಿದ್ದೆ. 2018ರಲ್ಲಿ ಕೆಲವರು ಸೇರಿ ಹುಡುಕಾಟ ಆರಂಭಿಸಿದರು. 2023ರಲ್ಲಿ ಪತ್ರಿಕೆಗಳಲ್ಲಿ ಸುದ್ದಿಯಾದ ಮೇಲೆ ಹಳಬರು ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಆಗ ತಿಳಿದದ್ದು ಏನೆಂದರೆ ಬಾಸ್ ಕಳವಾದದ್ದು 1969ರಲ್ಲಲ್ಲ, 1972ರ ಅಕ್ಟೋಬರ್ 10ರ ರಾತ್ರಿ. ಸ್ಟುಡಿಯೊದಿಂದಲ್ಲ, ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ನಿಲ್ಲಿಸಿದ್ದ ವ್ಯಾನಿನಿಂದ. ಆಗ ಬೀಟಲ್ಸ್ ಇರಲೇ ಇಲ್ಲ, ಮೆಕಾರ್ಟ್ನಿ ವಿಂಗ್ಸ್ ತಂಡ ಕಟ್ಟಿದ್ದ. ಅಷ್ಟು ವರ್ಷ ನಾವೆಲ್ಲ ತಪ್ಪು ಇಸವಿಯಲ್ಲಿ, ತಪ್ಪು ಕಟ್ಟಡದಲ್ಲಿ, ತಪ್ಪು ಜನರ ನಡುವೆ ಹುಡುಕುತ್ತಿದ್ದೆವು. ಇಸವಿ ಸರಿಯಾದ ಕೆಲವೇ ತಿಂಗಳಲ್ಲಿ ಬಾಸ್ ಸಿಕ್ಕಿತು. ದಕ್ಷಿಣ ಇಂಗ್ಲೆಂಡಿನ ಒಂದು ಮನೆಯ ಅಟ್ಟದ ಮೇಲಿತ್ತು. 51 ವರ್ಷದ ಮೇಲೆ ಯಜಮಾನನ ಕೈ ಸೇರಿತು.

ಕಳೆದುಹೋದದ್ದೆಲ್ಲ ಕಳವೇ ಆಗಬೇಕಿಲ್ಲ. ಜಾರ್ಜ್ ವಿಷಯದಲ್ಲಂತೂ ಅರ್ಧಕ್ಕರ್ಧ ಗಿಟಾರ್‌ಗಳು ಅವನೇ ದಾನ ಮಾಡಿದಂಥವು. 1964ರ ಗಿಬ್ಸನ್ ಎಸ್‌ಜಿ ಬ್ಯಾಡ್‌ಫಿಂಗರ್ ತಂಡದ ಪೀಟ್ ಹ್ಯಾಮ್‌ಗೆ ಹೋಯಿತು, 2004ರ ಹರಾಜಿನಲ್ಲಿ 5,67,500 ಡಾಲರ್ ತಂದಿತು. ಫೆಂಡರ್‌ನವರು ಬೀಟೆಮರದಲ್ಲಿ ಮಾಡಿ, ವಿಮಾನದಲ್ಲಿ ಅದಕ್ಕೇ ಒಂದು ಸೀಟು ಕಾಯ್ದಿರಿಸಿ ಕಳಿಸಿದ ಟೆಲಿಕ್ಯಾಸ್ಟರ್ ಅನ್ನು ಜಾರ್ಜ್ 1969ರ ಜನವರಿ 30ರಂದು ಲಂಡನ್ನಿನ ಕಟ್ಟಡದ ತಾರಸಿಯ ಮೇಲೆ ನುಡಿಸಿದ. ವರ್ಷ ಮುಗಿಯುವುದರೊಳಗೆ ಅಮೆರಿಕದ ಗಾಯಕ ಡೆಲನಿ ಬ್ರ್ಯಾಮ್ಲೆಟ್‌ಗೆ ಕೊಟ್ಟುಬಿಟ್ಟ. ಜಾರ್ಜ್ ತೀರಿಕೊಂಡ ಮೇಲೆ, 2003ರ ಹರಾಜಿನಲ್ಲಿ, ಅವನ ಕುಟುಂಬದ ಪರವಾಗಿ ಅದನ್ನು 4 ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟು ಮರಳಿ ಕೊಳ್ಳಬೇಕಾಯಿತು.

ನನಗೆ ನಗು ತರಿಸುವುದು ಮಾತ್ರ ಫ್ಯೂಚುರಾಮ ಎಂಬ ಗಿಟಾರ್. ಅದು ಚೆಕೊಸ್ಲೊವಾಕಿಯಾದಲ್ಲಿ ತಯಾರಾದದ್ದು. ನೋಡಲು ಫೆಂಡರ್‌ನ ದೂರದ ಸಂಬಂಧಿಯಂತಿದೆ. ಅಸಲಿ ಫೆಂಡರ್ ಕೊಳ್ಳಲಾಗದ ಹದಿನಾರರ ಜಾರ್ಜ್ 1959ರಲ್ಲಿ ಲಿವರ್‌ಪೂಲ್‌ನ ಹೆಸಿಸ್ ಅಂಗಡಿಯಲ್ಲಿ ಅದನ್ನು ತೆಗೆದುಕೊಂಡ. ಹ್ಯಾಂಬರ್ಗ್‌ನ ರಾತ್ರಿಗಳಲ್ಲಿ ಅವನ ಕೈಯಲ್ಲಿದ್ದದ್ದು ಇದೇ. 1964ರಲ್ಲಿ ಒಂದು ಸಂಗೀತ ಪತ್ರಿಕೆಯ ಸ್ಪರ್ಧೆಗೆ ಅದನ್ನು ಬಹುಮಾನವಾಗಿ ಕೊಟ್ಟ. ಗೆದ್ದವರು ಗಿಟಾರ್ ಬೇಡ, ಅದರ ಬದಲು ದುಡ್ಡು ಕೊಡಿ ಎಂದರು. ಗಿಟಾರ್ ಪತ್ರಿಕೆಯ ಸಂಪಾದಕರ ಬಳಿಯೇ ಉಳಿಯಿತು. 2024ರ ನವೆಂಬರ್‌ನಲ್ಲಿ ನ್ಯಾಶ್‌ವಿಲ್‌ನ ಹರಾಜಿನಲ್ಲಿ ಅದು ಹೋದದ್ದು 12.7 ಲಕ್ಷ ಡಾಲರ್‌ಗೆ. ಬಹುಮಾನ ಗೆದ್ದವರನ್ನು ಮೂದಲಿಸಬೇಡಿ. ಬಾರಿಸಲು ಬಾರದವರ ಮನೆಯಲ್ಲಿ 1964ರಲ್ಲಿ ಒಂದು ಹಳೆಯ ಅಗ್ಗದ ಗಿಟಾರ್‌ಗೆ ಏನು ಕೆಲಸ? ಜಾಡು ಹುಡುಕುವವರಿಗೆ ಮಾತ್ರ ಇದು ಹಬ್ಬ. ಹುಡುಗನ ಕೈಯಿಂದ ಪತ್ರಿಕೆಗೆ, ಪತ್ರಿಕೆಯಿಂದ ಹರಾಜಿಗೆ, ನಡುವೆ ಒಂದೂ ಕೊಂಡಿ ಕಳಚಿಲ್ಲ.

ಇಷ್ಟು ದುಡ್ಡಿರುವ ಕಡೆ ಖೋಟಾ ಕೂಡ ಇರಲೇಬೇಕು. ಹಳೆಯ ಗಿಟಾರ್‌ಗೆ ಸರಿಯಾದ ಇಸವಿಯ ತಿರುಪು, ಗುಂಡಿ, ತಂತಿಯ ಕಂಪನ ಹಿಡಿಯುವ ಪಿಕಪ್ ಎಲ್ಲವನ್ನೂ ಜೋಡಿಸಿ, ಬಣ್ಣವನ್ನು ಒರಟು ಕಾಗದದಿಂದ ಸವೆಸಿ, ಇದು ಇಂಥವರದು ಎಂದು ಪ್ರಮಾಣಪತ್ರ ಸಮೇತ ತರುವವರಿದ್ದಾರೆ. ಎಲ್ಲವನ್ನೂ ನಕಲು ಮಾಡಬಹುದು, ಮರದ ಎಳೆಯನ್ನು ಮಾಡಲಾಗದು. ಒಂದೇ ದಿಮ್ಮಿಯಿಂದ ಕೊಯ್ದ ಎರಡು ಹಲಗೆಗಳಲ್ಲೂ ಎಳೆ ಒಂದೇ ಥರ ಓಡುವುದಿಲ್ಲ. ಬೆರಳಚ್ಚು ಎಂದರೆ ಅದೇ.

ಕೆನಡಾದ ರಾಕ್ ಸಂಗೀತಗಾರ ರ್ಯಾಂಡಿ ಬ್ಯಾಕ್‌ಮನ್‌ನ ಕಿತ್ತಳೆ ಬಣ್ಣದ 1957ರ ಗ್ರೆಚ್ 1976ರಲ್ಲಿ ಟೊರಾಂಟೊದಲ್ಲಿ ಕಳವಾಗಿತ್ತು. ನಲವತ್ತು ವರ್ಷ ದಾಟಿದ ಮೇಲೆ ಒಬ್ಬ ಅಭಿಮಾನಿ ಮನೆಯಲ್ಲಿ ಕುಳಿತು ಹಳೆಯ ವಿಡಿಯೊ ಒಂದರಿಂದ ಅದರ ಮರದ ಎಳೆಯನ್ನೂ, ಒಂದು ಚಿಕ್ಕ ಗಂಟಿನ ಕಲೆಯನ್ನೂ ಗುರುತು ಮಾಡಿಕೊಂಡ. ನಂತರ ಜಗತ್ತಿನಲ್ಲಿ ಎಲ್ಲೆಲ್ಲಿ ಅದೇ ಮಾದರಿಯ ಗಿಟಾರ್ ಚಿತ್ರ ಸಿಕ್ಕಿತೋ ಅದನ್ನೆಲ್ಲ ಪಕ್ಕದಲ್ಲಿಟ್ಟು ಹೋಲಿಸುತ್ತ ಹೋದ. ಕೊನೆಗೆ ಅದು ಸಿಕ್ಕಿದ್ದು ಜಪಾನಿನ ಸಂಗೀತಗಾರನೊಬ್ಬ ಹಬ್ಬದ ಹಾಡು ನುಡಿಸುತ್ತಿದ್ದ ವಿಡಿಯೊದಲ್ಲಿ. 2022ರ ಜುಲೈ 1ರಂದು ಟೋಕಿಯೊದಲ್ಲಿ, ಅದೇ ಕಾಲದ ಇನ್ನೊಂದು ಗ್ರೆಚ್ ಕೊಟ್ಟು ಬ್ಯಾಕ್‌ಮನ್ ತನ್ನದನ್ನು ಪಡೆದುಕೊಂಡ. ಪೊಲೀಸರಿಂದ ಆಗದ ಕೆಲಸ ಅದು. ಲೆನನ್‌ನ ಕಳೆದುಹೋದ 1962ರ ಗಿಬ್ಸನ್ ಕೂಡ ಹೀಗೆಯೇ, ಎಳೆ ಮತ್ತು ಗೀರುಗಳಿಂದ ಗುರುತಿಗೆ ಬಂತು. ಅದನ್ನು ಅಗ್ಗದಲ್ಲಿ ಕೊಂಡಿದ್ದ ಅಮೆರಿಕದ ವ್ಯಕ್ತಿ ತಾನು ನುಡಿಸುತ್ತಿರುವುದು ಯಾರದೆಂದು ತಿಳಿಯದೆ ದಶಕಗಳನ್ನೇ ಕಳೆದಿದ್ದ. 2015ರಲ್ಲಿ ಅದು 24.1 ಲಕ್ಷ ಡಾಲರ್‌ಗೆ ಹೋಯಿತು.

ಆದರೆ ನಮ್ಮ ಕಪ್ಪು ಡ್ಯುಯೊ ಜೆಟ್ ವಿಷಯದಲ್ಲಿ ಈ ವಿದ್ಯೆ ನಡೆಯುವುದಿಲ್ಲ. ಕಪ್ಪು ಹೊದಿಕೆಯ ಅಡಿಯಲ್ಲಿ ಎಳೆ ಎಲ್ಲಿ ಕಾಣಬೇಕು? ಆಗ ನೋಡಬೇಕಾದದ್ದು ಗಾಯಗಳನ್ನು, ಗುಂಡಿಗಳ ಸ್ಥಾನವನ್ನು, ತಿರುಪಿನ ತೂತುಗಳನ್ನು. ಜಾರ್ಜ್ ಅದನ್ನು ಗೆಳೆಯ ಕ್ಲಾಸ್ ಫೂರ್ಮನ್‌ಗೆ ಕೊಟ್ಟಿದ್ದ. ಬಹಳ ವರ್ಷಗಳ ಮೇಲೆ ಮರಳಿ ಪಡೆದು, ಮೊದಲಿನಂತೆ ರಿಪೇರಿ ಮಾಡಿಸಿ, 1987ರ ತನ್ನ ಆಲ್ಬಮ್ಮಿನ ಹೊದಿಕೆಯ ಚಿತ್ರಕ್ಕೆ ಅದನ್ನೇ ಹಿಡಿದು ನಿಂತ. ಕಂಡವರಿಗೆಲ್ಲ ಗಿಟಾರ್ ಕೊಡುತ್ತಿದ್ದ ಮನುಷ್ಯ ಇದೊಂದನ್ನು ಕೇಳಿ ಪಡೆದ. 1961ರ ಗಿಟಾರ್ ಮತ್ತು 1987ರ ಗಿಟಾರ್ ಒಂದೇ ಎಂದು ನಾನೇ ಕಣ್ಣಾರೆ ಕಾಣಬೇಕೆಂದು ಪರದೆಯ ಮೇಲಿನ ಈ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡಿದ್ದೆ. ಎರಡು ವರ್ಷ ಭೂತಗನ್ನಡಿ ಹಿಡಿದು ಕುಳಿತೆ. ಮೇಲಿನ ಅಂಚಿನ ಹತ್ತಿರದ ಗುಂಡಿ ಒಂದು ಚಿತ್ರದಲ್ಲಿ ಒಂದು ಕಡೆ, ಇನ್ನೊಂದು ಚಿತ್ರದಲ್ಲಿ ಮತ್ತೊಂದು ಕಡೆ. ಹಾಗಾದರೆ ಗಿಟಾರ್ ಎರಡಿರಬೇಕು ಎಂದು ಒಂದು ಲೇಖನವನ್ನೂ ಬರೆದಿಟ್ಟೆ. ಪುಣ್ಯಕ್ಕೆ ಎಲ್ಲಿಗೂ ಕಳಿಸಲಿಲ್ಲ.

ಇಷ್ಟು ಹೇಳಿ ನಾನು ಸಭೆಯತ್ತ ನೋಡಿದೆ. ಒಂದೆರಡು ಗಿಟಾರ್ ವಾದಕರು ತಂತಿಗಳನ್ನು ಎಣಿಸುತ್ತಿದ್ದರು. ಹಿಂದಿನ ಸಾಲಿನಿಂದ ಹದಿಮೂರು ಹದಿನಾಲ್ಕರ ಹುಡುಗಿಯೊಬ್ಬಳು ಕೈ ಎತ್ತಿದಳು. ತನಗೆ ಗಿಟಾರ್ ಗೊತ್ತಿಲ್ಲ, ಅಮ್ಮನ ಜೊತೆ ಬಂದಿದ್ದೇನೆ ಎಂದು ಮೊದಲೇ ಹೇಳಿಬಿಟ್ಟಳು.

“ಸರ್, ಅಮ್ಮ ಬಟ್ಟೆ ಹೊಲಿಯುತ್ತಾರೆ. ಗಂಡಸರ ಕೋಟಿಗೆ ಗುಂಡಿ ಬಲಗಡೆ ಇರಬೇಕು. ಇವರಿಬ್ಬರಿಗೂ ಎಡಗಡೆ ಇದೆ.”

ಚಿತ್ರ ತಿರುವುಮುರುವಾಗಿ ಅಚ್ಚಾಗಿತ್ತು. ಬೇರೆ ಯಾವ ವಾದಕನದಾದರೂ ತಕ್ಷಣ ತಿಳಿಯುತ್ತಿತ್ತು. ಆದರೆ ಪಾಲ್ ಎಡಗೈಯವನು, ಜಾರ್ಜ್ ಬಲಗೈಯವನು. ಒಂದೇ ಮೈಕಿನ ಮುಂದೆ ಇಬ್ಬರೂ ನಿಂತರೆ ಎರಡು ವಾದ್ಯಗಳ ಕುತ್ತಿಗೆಗಳು ತೆರೆದ ಪುಸ್ತಕದಂತೆ ಎರಡು ಕಡೆಗೆ ಚಾಚಿಕೊಳ್ಳುತ್ತವೆ. ಕನ್ನಡಿಯಲ್ಲಿ ನೋಡಿದರೂ ಹಾಗೆಯೇ. ಪಾಲ್‌ನ ಬಾಸ್ ಪಿಟೀಲಿನಂತೆ ಎರಡೂ ಬದಿಗೆ ಸಮನಾಗಿರುವುದರಿಂದ ಅದೂ ಚಾಡಿ ಹೇಳುವುದಿಲ್ಲ. ಹುಡುಗಿಯ ತಾಯಿ ಎದ್ದು ನಿಂತು ಪರದೆಯ ಹತ್ತಿರ ಬಂದರು, ಕೋಟಿನ ಹೊಲಿಗೆಯನ್ನು ಸ್ವಲ್ಪ ಹೊತ್ತು ನೋಡಿದರು, “ಒಳ್ಳೆಯ ದರ್ಜಿ” ಎಂದರು.